ದಿವಾಳಿಯ ದೀಪ ಮತ್ತು ಖಾತೆಯ ಸತ್ಯ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ಸೀಮೆಯ ವ್ಯಾಪಾರಸ್ಥರ ಮಾತಿನಲ್ಲಿ ‘ದಿವಾಳಿ’ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು, ಭಗವಾನ್ ಮಹಾವೀರ ಸ್ವಾಮಿಯ ನಿರ್ವಾಣದ ಪುಣ್ಯದಿನ. ಅಂದು ಅಂಗಡಿಯಲ್ಲಿ ದೀಪ ಬೆಳಗಿ ಹೊಸ ಖಾತೆಪುಸ್ತಕಕ್ಕೆ ಪೂಜೆ ಸಲ್ಲಿಸುತ್ತೇವೆ. ಇನ್ನೊಂದು, ಸಾಲ ತೀರಿಸಲಾರದೆ ವ್ಯಾಪಾರಿಯು ಕೈಚೆಲ್ಲುವ ದುರ್ದಿನ. ಈ ಎರಡನೆಯ ಅರ್ಥಕ್ಕೂ ದೀಪಕ್ಕೂ ಸಂಬಂಧವುಂಟೆಂದು ಕೆಲವು ಹಳೆಯ ಕೋಶಕಾರರು ಹೇಳಿದ್ದಾರೆ. ಹಿಂದಿನ ಕಾಲದಲ್ಲಿ ವ್ಯಾಪಾರ ಮುಳುಗಿದ ವರ್ತಕನು ಅಂಗಡಿಯಲ್ಲಿ ದೀಪವನ್ನು ಉರಿಯಲು ಬಿಟ್ಟು, ಸಾಲಿಗರಿಗೆ ಲೆಕ್ಕ ತಿಳಿಯುವವರೆಗೆ ಮರೆಯಾಗುತ್ತಿದ್ದನಂತೆ. ಈ ವ್ಯುತ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಆ ದೀಪದ ಅರ್ಥವು ಸ್ಪಷ್ಟವಾಗಿಯೇ ಇದೆ: “ನನ್ನಲ್ಲಿ ಹಣವಿಲ್ಲ, ಬಂದು ನೋಡಿರಿ” ಎಂಬ ಬಹಿರಂಗ ಒಪ್ಪಿಗೆ ಅದು.

ಕಳೆದ ವರ್ಷ ದಾಂಡೇಲಿಯ ಪಕ್ಕದ ಕೋಗಿಲಬನದ ಕಿರಾಣಿ ವ್ಯಾಪಾರಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ಕೂಲಿಕಾರರ ಮನೆಗಳಿಗೆ ಉದ್ರಿ ಕೊಟ್ಟು, ಸಗಟು ವ್ಯಾಪಾರಿಗಳಿಂದ ಉದ್ರಿ ತಂದು, ನಡುವೆ ಮನೆಯ ಔಷಧೋಪಚಾರಕ್ಕೆ ಬಡ್ಡಿಯ ಹಣ ಎತ್ತಿ, ಕೊನೆಗೆ ಯಾವ ಕಡೆಗೂ ಕೈ ಚಾಚಲಾಗದ ಸ್ಥಿತಿಗೆ ಬಂದಿದ್ದರು. “ಅಣ್ಣಾರ, ಮನೀ ಒಂದರ ಉಳೀಬೇಕ್ರೀ” ಎಂದರು. ಮನೆಯನ್ನು ಅಳಿಯನ ಹೆಸರಿಗೆ ದಾನಪತ್ರ ಮಾಡಿಸಿ, ಆ ಬಳಿಕ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಬೇಕೆಂದು ಯಾರೋ ಸಲಹೆಯಿತ್ತಿದ್ದರಂತೆ. ಅವರಿಗೆ ಉತ್ತರ ಕೊಡುವ ನಿಮಿತ್ತದಿಂದ ಈ ಕಾಯಿದೆಯ ಇತಿಹಾಸವನ್ನು ಓದಬೇಕಾಯಿತು. ಓದಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಬ್ರಿಟಿಷರ ಆಳ್ವಿಕೆಯಲ್ಲಿ ದಿವಾಳಿಗೆ ಸಂಬಂಧಿಸಿದ ಶಾಸನವು ಮೊದಲು ಬಂದದ್ದು ಕಲ್ಕತ್ತಾ, ಮದರಾಸು, ಮುಂಬಯಿ ಈ ಮೂರು ಪಟ್ಟಣಗಳಿಗೆ, 1828ರಲ್ಲಿ. ಒಳನಾಡಿನ ಸಾಲಗಾರನಿಗೆ ಅಂಥ ಆಸರೆ ಬಹುಕಾಲ ಇರಲಿಲ್ಲ. ಡಿಕ್ರಿಯಾದ ಸಾಲವನ್ನು ತೀರಿಸದವನಿಗೆ ಸಿವಿಲ್ ಸೆರೆಮನೆಯೇ ಗತಿಯಾಗಿತ್ತು. ನಮ್ಮ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ಪ್ರಾಂತದ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ 1875ರ ಮೇ 12ರಂದು ರೈತರು ದಂಗೆಯೆದ್ದು ಸಾವುಕಾರರ ಸಾಲಪತ್ರಗಳನ್ನು ಸುಟ್ಟರು. ಜನರ ಮೇಲಿನ ಹಿಂಸೆಗಿಂತ ಕಾಗದಗಳ ಮೇಲಿನ ಕೋಪವೇ ಆ ದಂಗೆಯಲ್ಲಿ ಎದ್ದು ಕಾಣುತ್ತದೆ. ತನ್ನ ಸಾಲದ ಲೆಕ್ಕವು ಸತ್ಯವಾಗಿದೆಯೆಂಬ ನಂಬಿಕೆಯನ್ನು ರೈತನು ಕಳೆದುಕೊಂಡಿದ್ದನು. ಇದರ ಫಲವಾಗಿ 1879ರಲ್ಲಿ ದಖ್ಖನದ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಅನ್ವಯಿಸಿದ ಈ ಕಾಯಿದೆಯು, ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕುವುದನ್ನು ತಡೆಯಿತು.

ವರ್ತಕರಿಗೂ ಇತರರಿಗೂ ಒಳನಾಡಿನಲ್ಲಿ ಪ್ರತ್ಯೇಕ ದಿವಾಳಿ ಕಾಯಿದೆ ಆದದ್ದು 1907ರಲ್ಲಿ. ಅದನ್ನು ತಿದ್ದಿ ರೂಪಿಸಿದ್ದೇ 1920ರ ಪ್ರಾಂತೀಯ ದಿವಾಳಿ ಕಾಯಿದೆ. ಸಾಲದ ಮೊತ್ತವು 500 ರೂಪಾಯಿಗೆ ಮುಟ್ಟಿದ್ದು, ತೀರಿಸುವ ಶಕ್ತಿಯಿಲ್ಲದಿದ್ದರೆ ಸಾಲಗಾರನು ತಾನೇ ಅರ್ಜಿ ಸಲ್ಲಿಸಬಹುದು. ಜಿಲ್ಲಾ ನ್ಯಾಯಾಲಯವಾಗಲಿ, ಸರ್ಕಾರವು ಅಧಿಕಾರವಿತ್ತ ಅಧೀನ ನ್ಯಾಯಾಲಯವಾಗಲಿ ಅದನ್ನು ವಿಚಾರಿಸುತ್ತದೆ. ಆ ಕಾಲಕ್ಕೆ ದೊಡ್ಡ ಮೊತ್ತವಾಗಿದ್ದ 500 ರೂಪಾಯಿ ಇಂದು ಒಂದು ವಾರದ ಸಂತೆಗೂ ಸಾಲದು. ಶತಮಾನ ಕಳೆದರೂ ಆ ಅಂಕಿ ಕೇಂದ್ರ ಕಾಯಿದೆಯ ಪುಟದಲ್ಲಿ ಉಳಿದುಕೊಂಡಿತು.

2016ರಲ್ಲಿ ಸಂಸತ್ತು ಹೊಸ ದಿವಾಳಿ ಸಂಹಿತೆಯನ್ನು ಅಂಗೀಕರಿಸಿತು. ಅದರ ಮೂರನೆಯ ಭಾಗವು ವ್ಯಕ್ತಿಗಳ ದಿವಾಳಿಗೆ ಮೀಸಲಾದದ್ದು. ವರ್ಷಕ್ಕೆ 60,000 ರೂಪಾಯಿ ಮೀರದ ವರಮಾನ, 20,000 ಮೀರದ ಆಸ್ತಿ, 35,000 ಮೀರದ ಸಾಲ ಇದ್ದು ಸ್ವಂತ ಮನೆಯಿಲ್ಲದ ಬಡವನಿಗೆ ಸಾಲಮನ್ನಾ ಮಾಡಿ ಹೊಸ ಬದುಕಿಗೆ ಅವಕಾಶ ಕೊಡುವ ಏರ್ಪಾಟು ಅದರಲ್ಲಿದೆ. ಆದರೆ ಈ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಸರ್ವೋಚ್ಚ ನ್ಯಾಯಾಲಯವು 2021ರ ಮೇ 21ರಂದು ಇದನ್ನು ಎತ್ತಿಹಿಡಿಯಿತು. ಹೀಗಾಗಿ ಕೋಗಿಲಬನದ ಅಂಗಡಿಕಾರನು ಮೊರೆಹೋಗಬೇಕಾದದ್ದು 1920ರ ಹಳೆಯ ಕಾಯಿದೆಗೇ.

ಈ ಕಾಯಿದೆಯಲ್ಲಿ ವರ್ತಕರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಮಾನ್ಯ ಡಿಕ್ರಿಯ ಜಪ್ತಿಯಲ್ಲಿ ಕೆಲವು ವಸ್ತುಗಳನ್ನು ಮುಟ್ಟಕೂಡದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುತ್ತದೆ: ಉಟ್ಟ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಸ್ತ್ರೀಯು ಅಗಲಕೂಡದ ಆಭರಣ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಾಧನ ಹಾಗೂ ಮನೆ, ಮತ್ತು ಲೆಕ್ಕದ ಪುಸ್ತಕಗಳು. ದಿವಾಳಿಯಲ್ಲೂ ಈ ವಿನಾಯಿತಿಗಳು ಉಂಟು. ಲೆಕ್ಕದ ಪುಸ್ತಕಗಳಿಗೆ ಮಾತ್ರ ಇಲ್ಲ. 28ನೆಯ ಕಲಮು ಅವನ್ನು ಹೆಸರಿಸಿಯೇ ಹೊರಗಿಟ್ಟಿದೆ. ಅರ್ಜಿ ಅಂಗೀಕಾರವಾದೊಡನೆ ಕಿರ್ದಿ, ಖತಾವಣಿಗಳನ್ನೆಲ್ಲ ನ್ಯಾಯಾಲಯದ ಮುಂದಿಡಬೇಕು. ದಿವಾಳಿಗಾರನ ಮಡದಿಯ ಮಾಂಗಲ್ಯವನ್ನು ಕಾಯಿದೆ ಮುಟ್ಟುವುದಿಲ್ಲ, ಅವನ ಖಾತೆಯನ್ನು ಬಿಡುವುದಿಲ್ಲ.

ಋಣಮುಕ್ತಿಯ ಕಲಮುಗಳಲ್ಲೂ ಇದೇ ದೃಷ್ಟಿ ಕಾಣುತ್ತದೆ. ಹಿಂದಿನ ಮೂರು ವರ್ಷಗಳ ಲೆಕ್ಕವನ್ನು ಸರಿಯಾಗಿ ಇಡದವನಿಗೆ, ಮುಳುಗಿದ್ದು ತಿಳಿದೂ ವ್ಯಾಪಾರ ಮುಂದುವರಿಸಿದವನಿಗೆ, ಸಟ್ಟಾ, ಜೂಜು, ದುಂದುಗಾರಿಕೆಗಳಿಂದ ಹಾಳಾದವನಿಗೆ ಪೂರ್ಣ ಮುಕ್ತಿ ಸಿಗದು. ಆಸ್ತಿಯು ಸಾಲದ ರೂಪಾಯಿಗೆ ಎಂಟಾಣೆಯಷ್ಟಾದರೂ ಇರಬೇಕು. ಇಲ್ಲವಾದರೆ, ಆ ಕೊರತೆಯು ತನ್ನ ತಪ್ಪಿನಿಂದಾದುದಲ್ಲವೆಂದು ತೋರಿಸಬೇಕು. ವಂಚನೆಯಿಂದ ಮಾಡಿದ ಸಾಲಕ್ಕಂತೂ ಬಿಡುಗಡೆಯಿಲ್ಲ.

ಕೋಗಿಲಬನದ ಗೆಳೆಯರಿಗೆ 53ನೆಯ ಕಲಮನ್ನು ಓದಿ ಹೇಳಿದೆನು. ಅರ್ಜಿಗೆ ಮುಂಚಿನ ಎರಡು ವರ್ಷಗಳೊಳಗೆ ಪ್ರತಿಫಲವಿಲ್ಲದೆ ಮಾಡಿದ ದಾನಪತ್ರವನ್ನು ನ್ಯಾಯಾಲಯವು ರದ್ದುಗೊಳಿಸಬಲ್ಲದು. ಅವರು ರೈತರಲ್ಲ, ಮನೆಗೆ ವಿನಾಯಿತಿಯೂ ಇಲ್ಲ. ಈ ಮಾತನ್ನು ಹೇಳುವಾಗ ನನ್ನ ಮನಸ್ಸಿಗೂ ನೋವಾಯಿತು. ಅವರು ಬಹಳ ಹೊತ್ತು ಸುಮ್ಮನಿದ್ದು ಆ ವಿಚಾರವನ್ನು ಕೈಬಿಟ್ಟರು.

ಆದರೆ ಎರಡನೆಯ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಅವರಿಗೆ ಬರಬೇಕಾದ ಉದ್ರಿಯೂ ಆಸ್ತಿಯೇ. ಅದನ್ನು ಅರ್ಜಿಯಲ್ಲಿ ಕಾಣಿಸಿದರೆ ನ್ಯಾಯಾಲಯದ ರಿಸೀವರರು ವಸೂಲಿಗೆ ಹೊರಡುವರು. ಬಾಕಿದಾರರಲ್ಲಿ ವಿಧವೆಯರಿದ್ದರು, ಕೆಲಸ ಕಳೆದುಕೊಂಡ ಕೂಲಿಗಳಿದ್ದರು. “ನಾ ಮುಳುಗಿದ್ದು ಸಾಕ್ರೀ, ಅವರನ್ಯಾಕ ಎಳೀಲಿ?” ಎಂದರು. ಆ ಪುಟಗಳನ್ನು ಬಿಟ್ಟುಬಿಡಬೇಕೆಂಬುದು ಅವರ ಇಚ್ಛೆ. ಇದರಲ್ಲಿ ಲೋಭದ ಲೇಶವೂ ಇರಲಿಲ್ಲ. ಶುದ್ಧ ಕರುಣೆಯೇ ಇತ್ತು. ಕರುಣೆಯಿಂದ ಹುಟ್ಟಿದ ಅಸತ್ಯವನ್ನು ಏನೆಂದು ಕರೆಯೋಣ?

ನಾನು ಯೋಚಿಸಿ ಹೇಳಿದ್ದಿಷ್ಟು: ಸಾಲಗಾರನಾದ ಮೇಲೆ ಆ ಉದ್ರಿಯ ಹಣ ನಿಮ್ಮದಲ್ಲ, ನಿಮಗೆ ಸರಕು ಕೊಟ್ಟವರದು. ಪರರ ಹಣದಿಂದ ಮಾಡಿದ ದಾನವು ದಾನವೆನಿಸದು; ಅಚೌರ್ಯವ್ರತಕ್ಕೆ ಅದು ದೋಷವೇ. ಆದ್ದರಿಂದ ಪ್ರತಿಯೊಂದು ಬಾಕಿಯನ್ನೂ ಬರೆಯಿರಿ. ವಸೂಲಾಗದ್ದನ್ನು ವಸೂಲಾಗದೆಂದೇ, ಕಾರಣಸಹಿತ ಬರೆಯಿರಿ. ಮೂರು ವರ್ಷ ಮೀರಿದ ಬಾಕಿಯು, ನಡುವೆ ಬರೆದ ಒಪ್ಪಿಗೆಯಾಗಲಿ ಪಾವತಿಯಾಗಲಿ ಇಲ್ಲದಿದ್ದರೆ, ಕಾಲಮಿತಿಯಿಂದ ದಾವೆಗೆ ಬಾರದು. ಹೀಗೆ ಬಡವರಲ್ಲಿ ಅನೇಕರಿಗೆ ಕಾಯಿದೆಯೇ ರಕ್ಷಣೆ ಕೊಡುತ್ತದೆ, ಅದಕ್ಕಾಗಿ ನೀವು ಸುಳ್ಳು ಹೇಳಬೇಕಾಗಿಲ್ಲ. ಉಳಿದವರ ವಿಷಯದಲ್ಲಿ ಕರುಣೆ ತೋರಿಸುವ ಅಧಿಕಾರ ನಿಮ್ಮ ಸಾಲಿಗರದು; ಅವರನ್ನು ಕೇಳಿರಿ.

ಖತಾವಣಿಯ ಪುಟಗಳನ್ನು ಕಂಪ್ಯೂಟರಿಗೆ ಏರಿಸಿದವಳು ಅವರ ಮಗಳು. 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯ ಮೂರನೆಯ ಹಂತಕ್ಕೆ 2023ರ ಸಪ್ಟೆಂಬರಿನಲ್ಲಿ 7,210 ಕೋಟಿ ರೂಪಾಯಿಗಳ ಮಂಜೂರಾತಿ ದೊರೆಯಿತು. ಇ-ಫೈಲಿಂಗ್ ವ್ಯವಸ್ಥೆಯಲ್ಲಿ ವಕೀಲರಾಗಲಿ ಪಕ್ಷಕಾರರಾಗಲಿ ನೋಂದಾಯಿಸಿಕೊಂಡು, ಅರ್ಜಿ ಮತ್ತು ದಾಖಲೆಗಳನ್ನು ಪಿ.ಡಿ.ಎಫ್. ರೂಪದಲ್ಲಿ ಸಲ್ಲಿಸಬಹುದು. ಪ್ರಕರಣಕ್ಕೆ 16 ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆ ದೊರೆಯುತ್ತದೆ, ಅದರಿಂದ ವಿಚಾರಣೆಯ ದಿನಾಂಕವನ್ನು ಮನೆಯಲ್ಲೇ ತಿಳಿಯಬಹುದು. ಕಂಪ್ಯೂಟರ್ ಅರಿಯದವರಿಗೆ ನೆರವಾಗಲು ಇ-ಸೇವಾ ಕೇಂದ್ರಗಳೂ ಇವೆ. ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರುವ ಶ್ರಮವನ್ನು ಬಲ್ಲ ನಮ್ಮವರಿಗೆ ಇದೊಂದು ಉಪಕಾರವೇ ಸರಿ.

ಆದರೆ ಯಂತ್ರವು ಕಾಗದವನ್ನು ಮುಟ್ಟಿಸಬಲ್ಲದು, ಕಾಗದದೊಳಗಿನ ಸತ್ಯಕ್ಕೆ ಹೊಣೆಯಾಗಲಾರದು. ಬಿಟ್ಟ ಪುಟವನ್ನು ಅದು ಕೇಳದು. ಬಿ.ಕಾಂ. ಓದುವಾಗ ದಿವಾಳಿಗಾರನ ಆಸ್ತಿ-ಸಾಲಗಳ ತಖ್ತೆಯನ್ನೂ, ಕೊರತೆಯು ಹೇಗೆ ಉಂಟಾಯಿತೆಂದು ತೋರಿಸುವ ಡೆಫಿಷಿಯೆನ್ಸಿ ಅಕೌಂಟನ್ನೂ ಬರೆಯಲು ಕಲಿತಿದ್ದೆವು. ಅಂದು ಅದು ಅಂಕಗಳಿಗಾಗಿ ಮಾಡಿದ ಲೆಕ್ಕ. ಆ ಮನೆಯ ಪಡಸಾಲೆಯಲ್ಲಿ ತಂದೆಯ ಇಪ್ಪತ್ತು ವರ್ಷಗಳ ಬರಹವನ್ನು ಮಗಳು ಪುಟಪುಟವಾಗಿ ತಿರುವುತ್ತಿರುವಾಗ, ಇದು ಪ್ರತಿಕ್ರಮಣಕ್ಕೆ ಸಮೀಪದ ಕಾರ್ಯವೆಂದು ನನಗೆ ತೋರಿತು.

ಕ್ರಿ.ಶ. 1641ರಲ್ಲಿ ಜೈನ ವರ್ತಕನೂ ಕವಿಯೂ ಆದ ಬನಾರಸೀದಾಸನು ‘ಅರ್ಧಕಥಾನಕ’ವೆಂಬ ಆತ್ಮಕಥೆಯನ್ನು ರಚಿಸಿದನು. ತಂದೆ ಕೊಟ್ಟ ಸರಕನ್ನು ಆಗ್ರಾದಲ್ಲಿ ಕಳೆದುಕೊಂಡದ್ದನ್ನೂ, ಕಚೋರಿ ಮಾರುವವನಲ್ಲಿ ತಿಂಗಳುಗಟ್ಟಲೆ ಉದ್ರಿಯಲ್ಲಿ ತಿಂದದ್ದನ್ನೂ, ಮುಂದೆ ಆ ಬಾಕಿ ತೀರಿಸಿದ್ದನ್ನೂ ಅವನು ಮರೆಮಾಚದೆ ಬರೆದಿದ್ದಾನೆ. ಸೋತ ವರ್ತಕನಿಗೆ ಲಜ್ಜೆಪಡಲು ಕಾರಣವಿಲ್ಲವೆಂಬುದಕ್ಕೆ ಇದಕ್ಕಿಂತ ಹಿರಿಯ ನಿದರ್ಶನ ಬೇಕಿಲ್ಲ. ಸರ್ವೋಚ್ಚ ನ್ಯಾಯಾಲಯವೂ 1980ರಲ್ಲಿ, ಕೇವಲ ಬಡತನದಿಂದ ಸಾಲ ತೀರಿಸಲಾಗದವನನ್ನು ಸೆರೆಗೆ ಹಾಕಕೂಡದೆಂದು, ತೀರಿಸುವ ಶಕ್ತಿಯಿದ್ದೂ ದುರ್ಬುದ್ಧಿಯಿಂದ ತಪ್ಪಿಸಿಕೊಂಡಿರಬೇಕೆಂದು ತೀರ್ಪಿತ್ತಿತು.

ಋಣಮುಕ್ತಿಯ ಆದೇಶವಾದ ಬಳಿಕ ಸಾಲವು ಆತ್ಮಸಾಕ್ಷಿಯಲ್ಲಿಯೂ ತೀರಿತೇ? ಹಿಂದೂ ಧರ್ಮಶಾಸ್ತ್ರದ ಪ್ರಕಾರ ತಂದೆಯ ಸಾಲ ತೀರಿಸುವುದು ಮಗನ ಪವಿತ್ರ ಕರ್ತವ್ಯವಾಗಿತ್ತು. ನ್ಯಾಯಾಲಯಗಳೂ ಅದನ್ನು ಮನ್ನಿಸುತ್ತಿದ್ದವು. 2005ರ ಉತ್ತರಾಧಿಕಾರ ತಿದ್ದುಪಡಿಯು, ಅನಂತರದ ಸಾಲಗಳ ಮಟ್ಟಿಗೆ, ಆ ಹೊಣೆಯನ್ನು ನ್ಯಾಯಾಲಯದಿಂದ ತೆಗೆದುಹಾಕಿತು. ಆದರೆ ಮುಂದೆ ಕೈಗೂಡಿದಾಗ ಪೂರ್ಣ ಸಾಲವನ್ನು ಸಂದಾಯ ಮಾಡಿದವನ ದಿವಾಳಿ ಆದೇಶವನ್ನು ರದ್ದುಪಡಿಸುವ ಅವಕಾಶವನ್ನು 1920ರ ಕಾಯಿದೆಯ 35ನೆಯ ಕಲಮು ಕೊಟ್ಟಿದೆ. ಕಾಲಮಿತಿ ಮೀರಿದ ಸಾಲವನ್ನೂ ಕೊಡುವೆನೆಂದು ಸಹಿಮಾಡಿ ಬರೆದುಕೊಟ್ಟರೆ ಆ ವಚನವು ಊರ್ಜಿತವೆಂದು ಕರಾರು ಕಾಯಿದೆ ಹೇಳುತ್ತದೆ. ಒತ್ತಾಯವನ್ನು ನಿಲ್ಲಿಸಿದ ಕಾಯಿದೆಯು ಸಜ್ಜನನಿಗೆ ಬಾಗಿಲನ್ನು ತೆರೆದೇ ಇಟ್ಟಿದೆ.

ಕೋಗಿಲಬನದ ಗೆಳೆಯರ ಅರ್ಜಿ ವಿಚಾರಣೆಯಲ್ಲಿದೆ. ಮನೆ ಉಳಿಯುವುದೋ ಇಲ್ಲವೋ ಹೇಳಲಾರೆ. ಸಾಲಿಗರಲ್ಲಿ ಇಬ್ಬರು ಖಾತೆಯನ್ನು ನೋಡಿದ ಬಳಿಕ ವಿಧವೆಯರ ಬಾಕಿಗೆ ಕೈ ಹಚ್ಚಬಾರದೆಂದು ತಾವಾಗಿಯೇ ಹೇಳಿದರು, ಒಬ್ಬರು ಒಪ್ಪಲಿಲ್ಲ. ಈ ಸಲದ ದಿವಾಳಿಗೆ ಅವರು ಖಾಲಿ ಅಂಗಡಿಯಲ್ಲಿ ದೀಪ ಹಚ್ಚಿದರು. ಪೂಜೆಗೆ ಹೊಸ ಖಾತೆಪುಸ್ತಕವಿರಲಿಲ್ಲ, ಹಳೆಯವು ನ್ಯಾಯಾಲಯದಲ್ಲಿದ್ದವು.