ಪದಕದ ವೇದಿಕೆಗೆ ಬಂದ ವಿಡಿಯೋ ಆಟ

ಜನಪ್ರಿಯವಾದ ಮಾತ್ರಕ್ಕೆ ಯಾವ ಆಟವೂ ಅಂತಾರಾಷ್ಟ್ರೀಯ ಕ್ರೀಡಾಕೂಟದ ಪಟ್ಟಿಗೆ ಸೇರುವುದಿಲ್ಲ. ನಮ್ಮ ಕಬಡ್ಡಿಯನ್ನೇ ನೋಡಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಕೇವಲ ಪ್ರದರ್ಶನ ಕ್ರೀಡೆ. ಪದಕದ ಮಾನ್ಯತೆ ದೊರೆತದ್ದು 1990ರಲ್ಲಿ, ಬೀಜಿಂಗ್‌ನಲ್ಲಿ. ಇದೇ ಮೆಟ್ಟಿಲುಗಳನ್ನು ಹತ್ತಿ ಬಂದ ಇನ್ನೊಂದು ಸ್ಪರ್ಧೆಯೆಂದರೆ ವಿಡಿಯೋ ಆಟ. ಇದನ್ನು ಇ-ಸ್ಪೋರ್ಟ್ಸ್ ಎಂದು ಕರೆಯುತ್ತಾರೆ. ಇದರ ಚರಿತ್ರೆ ಚಿಕ್ಕದು. ಆದರೆ ಇದು ಎತ್ತಿರುವ ಪ್ರಶ್ನೆ ದೊಡ್ಡದು.

ವಿಡಿಯೋ ಆಟದ ಪಂದ್ಯ ತೀರ ಹೊಸದೇನಲ್ಲ. 1972ರ ಅಕ್ಟೋಬರ್‌ನಲ್ಲಿಯೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ‘ಸ್ಪೇಸ್‌ವಾರ್’ ಎಂಬ ಆಟದ ಪಂದ್ಯ ನಡೆದಿತ್ತು. ಆದರೆ ಅದನ್ನು ವೃತ್ತಿಯ ಮಟ್ಟಕ್ಕೆ ಏರಿಸಿದ ಕೀರ್ತಿ ಬಹುಮಟ್ಟಿಗೆ ದಕ್ಷಿಣ ಕೊರಿಯಕ್ಕೆ ಸಲ್ಲುತ್ತದೆ. 1997ರ ಆರ್ಥಿಕ ಮುಗ್ಗಟ್ಟಿನ ನಂತರ ಅಲ್ಲಿ ವೇಗದ ಇಂಟರ್‌ನೆಟ್ ಹರಡಿತು. ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಕಂಪ್ಯೂಟರ್ ಬಳಸುವ ‘ಪಿಸಿ ಬಾಂಗ್’ ಅಂಗಡಿಗಳು ಊರೂರಿನಲ್ಲಿ ತೆರೆದವು. 1998ರಲ್ಲಿ ಬಂದ ‘ಸ್ಟಾರ್‌ಕ್ರಾಫ್ಟ್’ ಆಟವಂತೂ ಯುವಜನರನ್ನು ಸೂರೆಗೊಂಡಿತು. ಅದರ ಪಂದ್ಯಗಳು ಟೆಲಿವಿಷನ್‌ನಲ್ಲಿ ಪ್ರಸಾರವಾದವು, ಆಟಗಾರರು ಮನೆಮಾತಾದರು.

ಏಷ್ಯಾದ ಒಲಿಂಪಿಕ್ ಮಂಡಳಿ ಈ ಸ್ಪರ್ಧೆಯನ್ನು ಮೊದಲು ಸೇರಿಸಿಕೊಂಡದ್ದು 2007ರ ಮಕಾವ್ ಏಷ್ಯನ್ ಒಳಾಂಗಣ ಕ್ರೀಡಾಕೂಟದಲ್ಲಿ. ಮುಖ್ಯ ಏಷ್ಯನ್ ಕ್ರೀಡಾಕೂಟದ ಬಾಗಿಲು ತೆರೆಯಲು 2018ರವರೆಗೆ ಕಾಯಬೇಕಾಯಿತು. ಆ ವರ್ಷ ಜಕಾರ್ತದಲ್ಲಿ ಆರು ಆಟಗಳು ಪ್ರದರ್ಶನ ಸ್ಪರ್ಧೆಗಳಾಗಿ ನಡೆದವು. ‘ಹಾರ್ತ್‌ಸ್ಟೋನ್’ ಎಂಬ ಕಾರ್ಡಿನ ಆಟದಲ್ಲಿ ಭಾರತದ ತೀರ್ಥ್ ಮೆಹ್ತಾ ಕಂಚು ಗೆದ್ದರು. ಪ್ರದರ್ಶನ ಸ್ಪರ್ಧೆಯಾದ ಕಾರಣ ಆ ಪದಕ ದೇಶದ ಪದಕಗಳ ಲೆಕ್ಕಕ್ಕೆ ಸೇರಲಿಲ್ಲ.

ಪೂರ್ಣ ಮಾನ್ಯತೆ ದೊರೆತದ್ದು ಚೀನಾದ ಹಾಂಗ್‌ಝೌ ನಗರದಲ್ಲಿ. 2022ರಲ್ಲಿ ನಡೆಯಬೇಕಿದ್ದ ಈ ಕೂಟ ಕೋವಿಡ್ ಕಾರಣದಿಂದ 2023ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಡೆಯಿತು. ಏಳು ಚಿನ್ನದ ಪದಕಗಳಲ್ಲಿ ಚೀನಾಕ್ಕೆ ನಾಲ್ಕು, ದಕ್ಷಿಣ ಕೊರಿಯಕ್ಕೆ ಎರಡು, ಥಾಯ್ಲೆಂಡಿಗೆ ಒಂದು ಸಂದವು. ‘ಸ್ಟ್ರೀಟ್ ಫೈಟರ್’ ಆಟದಲ್ಲಿ ಚಿನ್ನ ಗೆದ್ದ ಕೊರಿಯದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ. ಇದು ಹುಡುಗರ ಆಟ ಎಂದು ಮೂಗು ಮುರಿಯುತ್ತಿದ್ದವರಿಗೆ ಅದೇ ಉತ್ತರವಾಯಿತು. ‘ಲೀಗ್ ಆಫ್ ಲೆಜೆಂಡ್ಸ್’ ಗೆದ್ದ ಕೊರಿಯದ ಯುವಕರಿಗಂತೂ ಪದಕದ ಜೊತೆಗೆ ಮತ್ತೊಂದು ಲಾಭವಿತ್ತು. ಆ ದೇಶದಲ್ಲಿ ಗಂಡಸರಿಗೆ ಸೈನಿಕ ಸೇವೆ ಕಡ್ಡಾಯ. ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದವರಿಗೆ ಕೆಲವು ವಾರಗಳ ತರಬೇತಿಯನ್ನು ಬಿಟ್ಟರೆ ವಿನಾಯಿತಿ ಉಂಟು. ಈಜುಗಾರನಿಗೆ, ಓಟಗಾರನಿಗೆ ಸಲ್ಲುವ ಗೌರವ ಗಣಕದ ಮುಂದೆ ಕುಳಿತವನಿಗೂ ಸಂದಿತು.

ಹಿಂಸೆಯ ಆಕ್ಷೇಪಕ್ಕೂ ಅಲ್ಲಿ ಒಂದು ಪರಿಹಾರ ಹುಡುಕಿದರು. ಒಬ್ಬರನ್ನೊಬ್ಬರು ಗುಂಡಿಕ್ಕಿ ಕೊಲ್ಲುವ ‘ಪಬ್‌ಜಿ ಮೊಬೈಲ್’ ಆಟವನ್ನು ತಿದ್ದಿ, ತಂಡಗಳು ಗುರಿಫಲಕಗಳಿಗೆ ಹೊಡೆದು ಅಂಕ ಗಳಿಸುವಂತೆ ರೂಪಿಸಿದರು.

ಆದರೆ ಬಗೆಹರಿಯದ ತೊಡಕು ಇನ್ನೊಂದಿತ್ತು. ಹಾಂಗ್‌ಝೌ ಕೂಟಕ್ಕೆ ಮೊದಲು ಪ್ರಕಟವಾದದ್ದು ಎಂಟು ಆಟಗಳ ಪಟ್ಟಿ. ಅದರಲ್ಲಿ ಹಾರ್ತ್‌ಸ್ಟೋನ್ ಕೂಡ ಇತ್ತು. ಅದನ್ನು ತಯಾರಿಸಿದ ಅಮೆರಿಕದ ಬ್ಲಿಝಾರ್ಡ್ ಕಂಪನಿಗೂ ಚೀನಾದಲ್ಲಿ ನಡೆಸುತ್ತಿದ್ದ ನೆಟ್‌ಈಸ್ ಕಂಪನಿಗೂ ಇದ್ದ ಒಪ್ಪಂದ 2023ರ ಜನವರಿಯಲ್ಲಿ ಮುಗಿಯಿತು. ಚೀನಾದಲ್ಲಿ ಆಟ ನಿಂತಿತು. ಕೂಟದ ಪಟ್ಟಿಯಿಂದಲೂ ಅದನ್ನು ತೆಗೆದರು. ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಅವಕಾಶ ತಪ್ಪಿಹೋಯಿತು. 2024ರಲ್ಲಿ ಕಂಪನಿಗಳೆರಡೂ ಮತ್ತೆ ಕೂಡಿಕೊಂಡವು. ಆದರೆ ಅಷ್ಟರಲ್ಲಿ ಕೂಟ ಮುಗಿದಿತ್ತು.

ಕಬಡ್ಡಿಗೂ ವಿಡಿಯೋ ಆಟಕ್ಕೂ ಇರುವ ನಿಜವಾದ ಅಂತರ ಇಲ್ಲಿದೆ. ಒಂದರಲ್ಲಿ ಮೈ ದಣಿಯುತ್ತದೆ, ಇನ್ನೊಂದರಲ್ಲಿ ಬೆರಳು ದಣಿಯುತ್ತದೆ ಎಂಬುದು ಮೇಲ್ನೋಟದ ಮಾತು. ಚದುರಂಗದಲ್ಲೂ ಮೈ ದಣಿಯುವುದಿಲ್ಲ. ಕಬಡ್ಡಿ ಯಾರೊಬ್ಬರ ಸೊತ್ತೂ ಅಲ್ಲ. ಅಂಗಳದಲ್ಲಿ ಗೆರೆ ಎಳೆದರೆ ಆಟ ಸಿದ್ಧ. ಸಂಘಗಳು ಜಗಳವಾಡಿದರೂ ಹಳ್ಳಿಯ ಹುಡುಗರ ಆಟ ನಿಲ್ಲುವುದಿಲ್ಲ. ವಿಡಿಯೋ ಆಟದ ಅಂಗಳ, ಚೆಂಡು, ನಿಯಮ ಎಲ್ಲವೂ ಒಂದು ಕಂಪನಿಯ ಆಸ್ತಿ. ಒಡೆಯ ಬೀಗ ಹಾಕಿದರೆ ಚಾಂಪಿಯನ್ನನೂ ಹೊರಗೇ ನಿಲ್ಲಬೇಕು.

ನಮ್ಮ ದೇಶದಲ್ಲಿಯೂ ಈ ಕ್ರೀಡೆ ಸರ್ಕಾರದ ಮಾನ್ಯತೆ ಪಡೆದಿದೆ. 2022ರ ಡಿಸೆಂಬರ್‌ನಲ್ಲಿ ಬಹುಕ್ರೀಡಾ ಕೂಟಗಳ ಇ-ಸ್ಪೋರ್ಟ್ಸ್ ಅನ್ನು ಕೇಂದ್ರದ ಕ್ರೀಡಾ ಇಲಾಖೆಗೆ ಒಪ್ಪಿಸಲಾಯಿತು. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಅವುಗಳಿಂದ ಬೇರೆಯಾಗಿ ಗುರುತಿಸಿತು. ಜೂಜು ಬೇರೆ, ಕ್ರೀಡೆ ಬೇರೆ ಎಂಬ ಈ ಗೆರೆ ಅಗತ್ಯವಾದದ್ದೇ.

ಆದರೆ ಮಾನ್ಯತೆ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಮ್ಮೆ ಪಟ್ಟಿಗೆ ಸೇರಿದ ಆಟ ಕೂಟ ಮುಗಿಯುವವರೆಗೆ ಆಟಗಾರನಿಗೆ ದೊರೆಯಬೇಕು. ಕಂಪನಿಗಳಿಂದ ಆ ಭರವಸೆಯನ್ನು ಕ್ರೀಡಾ ಮಂಡಳಿಗಳು ಮೊದಲೇ ಪಡೆಯಬೇಕು. ಅಲ್ಲಿಯವರೆಗೆ, ಈ ಆಟವನ್ನೇ ಜೀವನವೆಂದು ನಂಬಿ ಹೊರಡುವ ತರುಣರು ತಮ್ಮ ಓದನ್ನೂ ಜೊತೆಗಿಟ್ಟುಕೊಳ್ಳುವುದು ಲೇಸು. ಕಲಿತ ವಿದ್ಯೆಗೆ ಯಾವ ಕಂಪನಿಯೂ ಬೀಗ ಹಾಕಲಾರದು.