ಮೊಕ್ಕಾಂ: ವಡಪಳನಿ

ಚೆನ್ನೈನ ವಡಪಳನಿಯಲ್ಲಿ ಇಂದು ಮೆಟ್ರೋ ಇಳಿದು ಆರ್ಕಾಟ್ ರಸ್ತೆಯಲ್ಲಿ ನಡೆದರೆ ಒಂದು ದೊಡ್ಡ ಮಾಲ್ ಸಿಗುತ್ತದೆ, ವಿಜಯಾ ಹೆಸರಿನ ಆಸ್ಪತ್ರೆ ಸಿಗುತ್ತದೆ. ಎರಡಕ್ಕೂ ನೆಲ ಕೊಟ್ಟದ್ದು ಬಿ. ನಾಗಿರೆಡ್ಡಿಯವರ ವಿಜಯಾ ವಾಹಿನಿ ಸ್ಟುಡಿಯೋ. ಅದೇ ರಸ್ತೆಯಲ್ಲಿ ಎ.ವಿ.ಎಂ. ಸ್ಟುಡಿಯೋದ ಗೋಳ ಇನ್ನೂ ಇದೆ. ಮುರುಗನ ಗುಡಿಗೆ ಬರುವವರಲ್ಲಿ ಹೆಚ್ಚಿನವರಿಗೆ ಇದು ತಮಿಳು ಸಿನಿಮಾದ ಬೀದಿ. ಆದರೆ ಸುಮಾರು ಎರಡು ದಶಕ ಕನ್ನಡ ಸಿನಿಮಾ ಉಸಿರಾಡಿದ್ದೂ ಬಹುಪಾಲು ಇಲ್ಲಿಯೇ, ಕೋಡಂಬಾಕ್ಕಂ ಮತ್ತು ವಡಪಳನಿಯ ಫ್ಲೋರುಗಳಲ್ಲಿ.

ಪುಣೆ, ದೆಹಲಿ, ಹೈದರಾಬಾದುಗಳಲ್ಲಿ ಕೂತು ಇದನ್ನು ಓದುವ ನಿಮ್ಮಲ್ಲಿ ಹಲವರು ಒಂದು ಪ್ರಶ್ನೆಯನ್ನು ಎದುರಿಸಿರುತ್ತೀರಿ: ಊರೂರು ಅಲೆಯುತ್ತಲೇ ಇರುವುದೋ, ಪರಸ್ಥಳದಲ್ಲೇ ಒಂದು ಮನೆ ಹಿಡಿದು ನೆಲೆಯೂರುವುದೋ? ಲ್ಯಾಪ್‌ಟಾಪ್ ಹಿಡಿದು ತಿರುಗುವವರು ಇದನ್ನು ತಮ್ಮ ಕಾಲದ ಪ್ರಶ್ನೆ ಎಂದುಕೊಂಡಿದ್ದಾರೆ. ಎಪ್ಪತ್ತು ವರ್ಷಗಳ ಹಿಂದೆ ಕನ್ನಡದ ನಾಟಕ ಕಂಪನಿಗಳ ನಟರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿ ಬಂದಿತ್ತು.

ಕಂಪನಿಯ ಬದುಕು ಎಂದರೆ ಏನೆಂದು ಮೊದಲು ನೋಡಬೇಕು. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಅದನ್ನು ದಕ್ಷಿಣ ಭಾರತದಲ್ಲೆಲ್ಲ ಹೆಸರು ಮಾಡುವಂತೆ ಬೆಳೆಸಿದವರು ಗುಬ್ಬಿ ವೀರಣ್ಣ. 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದವರು. ಒಂದು ಊರಲ್ಲಿ ಮೊಕ್ಕಾಂ ಹೂಡುವುದು, ಕಲೆಕ್ಷನ್ ಇರುವಷ್ಟು ದಿನ ಆಡುವುದು, ಟಿಕೆಟ್ಟು ಇಳಿಯಿತೆಂದರೆ ಪರದೆ ಸುತ್ತಿ ಪೆಟ್ಟಿಗೆ ಕಟ್ಟಿ ಮುಂದಿನ ಊರಿಗೆ ಹೊರಡುವುದು. ಮಳೆ ಹಿಡಿದರೆ ಸಂಬಳ ತಡ. ಆದರೆ ಊಟ ಕಂಪನಿಯ ಅಡುಗೆಮನೆಯಲ್ಲಿ, ಎಲ್ಲರಿಗೂ ಒಂದೇ ಪಂಕ್ತಿ. ಮಕ್ಕಳು ಅಲ್ಲೇ ಬೆಳೆದು, ಅಲ್ಲೇ ಹಾಡು ಕಲಿತು, ಅಲ್ಲೇ ಬಾಲಪಾತ್ರ ಮಾಡುತ್ತಿದ್ದರು. ನಂಜನಗೂಡಿನ ಜಿ.ವಿ. ಅಯ್ಯರ್ ಎಂಟು ವರ್ಷದ ಹುಡುಗನಾಗಿ ಗುಬ್ಬಿ ಕಂಪನಿ ಸೇರಿದರು. ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಶಾಲೆ ಬಿಟ್ಟು ಅಪ್ಪನ ಹಿಂದೆಯೇ ಕಂಪನಿಯಲ್ಲಿ ತಿರುಗಿದ. ಅಲೆಮಾರಿತನ ಎನ್ನುತ್ತೇವೆ, ನನಗೇನೋ ಆ ಮಾತು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಊರು ಬದಲಾಗುತ್ತಿತ್ತು, ಮನೆ ಜೊತೆಯಲ್ಲೇ ಬರುತ್ತಿತ್ತು.

ಸಿನಿಮಾಕ್ಕೆ ಇದು ಒಗ್ಗುವುದಿಲ್ಲ. ಮಾತಿನ ಚಿತ್ರಕ್ಕೆ ಫ್ಲೋರು ಬೇಕು, ಧ್ವನಿಗ್ರಹಣದ ಯಂತ್ರ ಬೇಕು, ಲ್ಯಾಬ್ ಬೇಕು, ಬಡ್ಡಿಗೆ ದುಡ್ಡು ಕೊಡುವವನು ಬೇಕು. ಇವು ಯಾವುವೂ ಎತ್ತಿನ ಗಾಡಿಯಲ್ಲಿ ಸಾಗುವಂಥವಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಚಿತ್ರೀಕರಣವಾದದ್ದು ಕೊಲ್ಲಾಪುರದಲ್ಲಿ. ಅದರ ನಾಯಕ ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರೂ ನಾಟಕದವರೇ. ಎ.ವಿ. ಮೇಯಪ್ಪನ್ ಜೊತೆ ಸೇರಿ ಅವರು ಮಾಡಿದ 'ಹರಿಶ್ಚಂದ್ರ' (1943) ಮರುವರ್ಷ ತಮಿಳಿಗೆ ಡಬ್ ಆಯಿತು. ಮೇಯಪ್ಪನ್ ಕಾರೈಕುಡಿಯಲ್ಲಿದ್ದ ತಮ್ಮ ಸ್ಟುಡಿಯೋವನ್ನು 1948ರಲ್ಲಿ ಮದ್ರಾಸಿಗೆ, ಈ ವಡಪಳನಿಗೆ ತಂದರು. ಆಗ ಕನ್ನಡದ ನೆಲ ಐದು ಆಡಳಿತಗಳಲ್ಲಿ ಹರಿದು ಹಂಚಿತ್ತು. ಮಂಗಳೂರು, ಬಳ್ಳಾರಿಯವರಿಗೆ ಮದ್ರಾಸೇ ರಾಜಧಾನಿ. ಮೈಸೂರಿನವರಿಗೆ ಮಾತ್ರ ಅದು ಬೇರೆ ಸರ್ಕಾರದ ಊರು.

1954ರ 'ಬೇಡರ ಕಣ್ಣಪ್ಪ'ದಲ್ಲಿ ಎರಡು ದಾರಿಗಳು ಕೂಡಿದವು. ಕಥೆ ನಾಟಕದ್ದು, ಬೆಂಬಲ ಗುಬ್ಬಿ ವೀರಣ್ಣನವರದೂ ಎ.ವಿ.ಎಂ.ದೂ, ನಿರ್ದೇಶನ ಎಚ್.ಎಲ್.ಎನ್. ಸಿಂಹ ಅವರದು. ಮುತ್ತುರಾಜನಿಗೆ ರಾಜ್‌ಕುಮಾರ್ ಎಂಬ ಹೆಸರು ಸಿಕ್ಕಿದ್ದು ಇಲ್ಲಿ. ಅದೇ ವರ್ಷ ಎ.ವಿ.ಎಂ. ಅದೇ ಕಥೆಯನ್ನು 'ಕಾಳಹಸ್ತಿ ಮಹಾತ್ಮ್ಯಂ' ಎಂದು ತೆಲುಗಿನಲ್ಲೂ ಅದೇ ನಾಯಕನಿಂದ ಮಾಡಿಸಿತು. ಬೇಕೆಂದಿದ್ದರೆ ರಾಜ್‌ಕುಮಾರ್ ಅಲ್ಲಿಂದ ತೆಲುಗಿನ ದಾರಿ ಹಿಡಿಯಬಹುದಿತ್ತು. ಅದು ಅವರ ಏಕೈಕ ತೆಲುಗು ಚಿತ್ರವಾಗಿಯೇ ಉಳಿಯಿತು. ಮದ್ರಾಸಿನಲ್ಲಿ ನೆಲೆಸಿದರೂ ಮದ್ರಾಸಿನ ಭಾಷೆಗಳ ನಟರಾಗಲಿಲ್ಲ. ಬಿ.ಆರ್. ಪಂತುಲು ಬೇರೆ ರೀತಿಯವರು. 'ವೀರಪಾಂಡ್ಯ ಕಟ್ಟಬೊಮ್ಮನ್' ಮಾಡಿದ ಕೈಯಲ್ಲೇ 'ಕಿತ್ತೂರು ಚೆನ್ನಮ್ಮ' ಮಾಡಿದರು. ಎರಡು ಭಾಷೆಗಳಿಗೂ ಅವರ ಮನೆಯಲ್ಲಿ ಜಾಗವಿತ್ತು.

ಮನೆ ಹಿಡಿದಾಯಿತು, ಹೆಸರೂ ಬಂತು. ಆದರೆ ಕೆಲಸ? ಐವತ್ತರ ದಶಕದ ಕೊನೆಗೆ ಕನ್ನಡ ಚಿತ್ರಗಳ ತಯಾರಿಕೆ ತೀರಾ ಇಳಿಯಿತು. ಕಂಪನಿಯಲ್ಲಿ ಆಟ ನಿಂತರೆ ಮುಂದಿನ ಊರಿಗೆ ಹೋಗಬಹುದಿತ್ತು. ವಡಪಳನಿಯಲ್ಲಿ ಚಿತ್ರವಿಲ್ಲದಿದ್ದರೂ ತಿಂಗಳ ಬಾಡಿಗೆ ಇರುತ್ತದೆ, ಪಂಕ್ತಿಯ ಊಟ ಇರುವುದಿಲ್ಲ. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು, ಮತ್ತೆ ಪರದೆ ಕಟ್ಟಿ ಹೊರಟರು. ತೆರೆಯ ಮೇಲೆ ಕಂಡ ಮುಖಗಳನ್ನು ಕರ್ನಾಟಕದ ಜನ ರಂಗದ ಮೇಲೆ ನೋಡಿದರು, ಟಿಕೆಟ್ಟು ಕೊಂಡರು. ಆ ದುಡಿಮೆಯ ಬೆನ್ನಿಗೆ ಸಂಘ ಮಾಡಿದ ಚಿತ್ರ 1960ರ 'ರಣಧೀರ ಕಂಠೀರವ'. ಸಿನಿಮಾ ನಾಟಕ ಕಂಪನಿಗಳನ್ನು ಕೊಂದಿತು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅದು ಸುಳ್ಳಲ್ಲ. ಆದರೆ ಸಿನಿಮಾ ಏದುಸಿರು ಬಿಡುತ್ತಿದ್ದಾಗ ಅದನ್ನು ಎತ್ತಿ ಹಿಡಿದದ್ದು ಅದೇ ತಿರುಗಾಟ ಎಂಬುದನ್ನು ಪಕ್ಕದಲ್ಲೇ ಬರೆಯಬೇಕು.

ಮರಳುವ ಮಾತು ಆಮೇಲೆ ಬಂತು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ, 1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ, ರಾಜ್ಯದಲ್ಲೇ ತಯಾರಾದ ಚಿತ್ರಕ್ಕೆ ಸರ್ಕಾರದ ಸಹಾಯಧನ. ಇಷ್ಟಾದರೂ ಹಾಡಿನ ಧ್ವನಿಮುದ್ರಣಕ್ಕೆ, ಸಂಸ್ಕರಣಕ್ಕೆ ರಾತ್ರಿ ರೈಲು ಹತ್ತಿ ಮದ್ರಾಸಿಗೇ ಹೋಗಬೇಕಿತ್ತು. ಒಂದು ವಿಚಿತ್ರ ನೋಡಿ. ಸ್ಟುಡಿಯೋದ ಹಂಗು ಕಳಚಿ ಕ್ಯಾಮೆರಾವನ್ನು ಶೃಂಗೇರಿಯ ಬಳಿಯ ಹಳ್ಳಿಗೆ ಒಯ್ದ 'ಸಂಸ್ಕಾರ'ದ (1970) ಹಿಂದೆ ಇದ್ದವರೂ ಮದ್ರಾಸಿನಲ್ಲಿ ಬಾಳಿದವರೇ: ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ, ಅಲ್ಲಿ ಆಕ್ಸ್‌ಫರ್ಡ್ ಪ್ರಕಾಶನದಲ್ಲಿ ಕೆಲಸದಲ್ಲಿದ್ದ ಗಿರೀಶ ಕಾರ್ನಾಡ.

ರಾಜ್‌ಕುಮಾರ್ ಅವರ ಮಕ್ಕಳಲ್ಲಿ ಹಿರಿಯ ಮಗ 1962ರಲ್ಲಿ, ಕಿರಿಯ ಮಗ 1975ರಲ್ಲಿ ಹುಟ್ಟಿದ್ದು ಮದ್ರಾಸಿನಲ್ಲಿ. ಅಂದರೆ ಒಂದು ತಲೆಮಾರು ಬೆಳೆಯುವಷ್ಟು ಕಾಲ ಆ ಮನೆ ಅಲ್ಲೇ ಇತ್ತು. 1982ರಲ್ಲಿ ಗೋಕಾಕ್ ಚಳವಳಿಯ ಮುಂಚೂಣಿಗೆ ಬಂದು ಕನ್ನಡ ನಾಡಿನಲ್ಲಿ ಕನ್ನಡವೇ ಮೊದಲು ಎಂದವರು, ಬದುಕಿನ ದೊಡ್ಡ ಪಾಲನ್ನು ತಮಿಳು ಬೀದಿಗಳಲ್ಲಿ ಕಳೆದವರು. ಇದರಲ್ಲಿ ಕೆಲವರಿಗೆ ವಿರೋಧಾಭಾಸ ಕಾಣುತ್ತದೆ. ನನಗೆ ಕಾಣುವುದಿಲ್ಲ. ಪರಸ್ಥಳದಲ್ಲಿ ಇಪ್ಪತ್ತೈದು ವರ್ಷ ಇದ್ದವನಿಗೆ ಮನೆಮಾತಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಅಯ್ಯರ್ ಮಾತ್ರ ಎಲ್ಲಿಯೂ ಪೂರ್ತಿ ನೆಲೆಯೂರಿದಂತೆ ಕಾಣುವುದಿಲ್ಲ. ಬರಿಗಾಲಿನ ನಿರ್ದೇಶಕ ಎಂದೇ ಹೆಸರಾದರು, 'ಹಂಸಗೀತೆ' ಮಾಡಿದರು, ಆಮೇಲೆ ಸಂಸ್ಕೃತಕ್ಕೆ ಹೋಗಿ 'ಆದಿ ಶಂಕರಾಚಾರ್ಯ' ಮಾಡಿದರು, ಕೊನೆಗೆ 2003ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಅರಸೀಕೆರೆಯ ಬಾಲಕೃಷ್ಣರದು ಇದಕ್ಕೆ ತದ್ವಿರುದ್ಧ ಹಟ. ಕಿವಿ ಮಂದವಾಗಿದ್ದ ಈ ನಟ ನಾಡಿನೊಳಗೇ ಕನ್ನಡಕ್ಕೊಂದು ಸ್ಟುಡಿಯೋ ಇರಬೇಕೆಂದು ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋ ಕಟ್ಟಿದರು. ಅದು ಅವರು ನೆನೆದಂತೆ ಬೆಳೆಯಲಿಲ್ಲ.

ಉಳಿದುಕೊಂಡವರೂ ಇದ್ದಾರೆ. ರಾಜ್‌ಕುಮಾರ್ ಅವರ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ, ಕನ್ನಡಿಗರು ತಮ್ಮವರೆಂದೇ ತಿಳಿದದ್ದು. ಉದ್ಯಮ ಬೆಂಗಳೂರಿಗೆ ಹೊರಟಾಗ ಅವರು ಹೊರಡಲಿಲ್ಲ. ಉಡುಪಿ ಕಡೆಯ ಕೃಷ್ಣರಾಯರು ಮದ್ರಾಸಿನಲ್ಲಿ ನಡೆಸಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಇಟ್ಟುಕೊಂಡು, ಹಲವು ಭಾಷೆಗಳಲ್ಲಿ ಪದ್ಯ ಬರೆಯುತ್ತ ಅವರು ಕೂತಿರುತ್ತಿದ್ದರು. ಆ ಹೋಟೆಲು 2008ರಲ್ಲಿ ಮುಚ್ಚಿತು. ಶ್ರೀನಿವಾಸ್ ಚೆನ್ನೈ ಬಿಡಲಿಲ್ಲ. 2013ರ ಏಪ್ರಿಲ್‌ನಲ್ಲಿ ಅಲ್ಲೇ ತೀರಿಕೊಂಡರು.