ಹಲಸಂಗಿಯ ಕಾಳರಾತ್ರಿ: ಸಂಶಯ ಮತ್ತು ಸತ್ಯದ ಹುಡುಕಾಟ

‘ದೇವರಿದ್ದಾನೆಂದು ನಂಬುವುದು ಹೇಗೆ?’ ಎಂಬ ಪ್ರಶ್ನೆ ಬೆಳೆದ ಮಗನ ಅಥವಾ ಮಗಳ ಬಾಯಿಂದ ಬಂದೊಡನೆ ನಮ್ಮಲ್ಲಿ ಎಷ್ಟೋ ಹೆತ್ತವರು ಗಾಬರಿಗೊಳ್ಳುತ್ತಾರೆ. ಇದು ಕಾಲೇಜಿನ ಪ್ರಭಾವ, ಮೊಬೈಲಿನ ಪ್ರಭಾವ ಎಂದು ಗದರಿಸಿ ಸುಮ್ಮನಾಗಿಸುತ್ತಾರೆ. ಆದರೆ ಈ ಪ್ರಶ್ನೆ ಇಂದು ಹುಟ್ಟಿದ್ದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ಒಳಗೊಂಡ ವಿಜಯಪುರದ ನೆಲದಲ್ಲಿ ಇದಕ್ಕೆ ದೀರ್ಘ ಇತಿಹಾಸವಿದೆ.

12ನೇ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಾಲ್ಯದಲ್ಲಿಯೇ ಉಪನಯನವನ್ನು ನಿರಾಕರಿಸಿ ಕೂಡಲಸಂಗಮಕ್ಕೆ ತೆರಳಿದರೆಂದು ಪರಂಪರೆ ಹೇಳುತ್ತದೆ. ಅವರು ಪ್ರಶ್ನಿಸಿದ್ದು ದೇವರನ್ನಲ್ಲ. ಮನುಷ್ಯನಿಗೂ ದೇವರಿಗೂ ನಡುವೆ ನಿಂತ ಆಚರಣೆಯನ್ನು. ಅದೇ ಸೀಮೆಯಲ್ಲಿ ಎಂಟು ಶತಮಾನಗಳ ನಂತರ ಮತ್ತೊಬ್ಬರ ಪ್ರಶ್ನೆ ಇನ್ನೂ ಆಳಕ್ಕಿಳಿಯಿತು. ಅವರು ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಚೆನ್ನಮಲ್ಲಪ್ಪ ಗಲಗಲಿ, ಅಂದರೆ ಕವಿ ಮಧುರಚೆನ್ನ (1903–1953).

ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಈ ಹಳ್ಳಿಯ ತರುಣನನ್ನು ದೇವರ ಕುರಿತ ಸಂಶಯವು ಎಳೆವಯಸ್ಸಿನಲ್ಲಿಯೇ ಹಿಡಿಯಿತು. ತಮ್ಮ ಅಂತರಂಗದ ಶೋಧವನ್ನು ಅವರು ಬರೆದಿಟ್ಟರು. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಆ ಕೃತಿಗಳ ಹೆಸರುಗಳೇ ಅವರು ನಡೆದ ದಾರಿಯನ್ನು ಹೇಳುತ್ತವೆ. ಸಂಶಯವನ್ನು ಅವರು ಪಾಂಡಿತ್ಯದ ಒಡವೆಯನ್ನಾಗಿ ತೊಟ್ಟುಕೊಳ್ಳಲಿಲ್ಲ. ಅದು ಅವರಿಗೆ ಸಹಿಸಲಾಗದ ಕತ್ತಲೆಯಾಗಿತ್ತು. ಕೊನೆಗೆ ಅವರು ಶ್ರೀ ಅರವಿಂದರ ಮಾರ್ಗವನ್ನು ಹಿಡಿದರು. ಅವರು ತಲುಪಿದ ನೆಲೆ ನಮ್ಮದಲ್ಲ. ಆದರೆ ಅರಿಯದುದನ್ನು ಅರಿತೆನೆಂದು ಹೇಳದ ಅವರ ಪ್ರಾಮಾಣಿಕತೆ ಗೌರವಕ್ಕೆ ಯೋಗ್ಯವಾದುದು.

ಮುಖ್ಯವಾದ ಮತ್ತೊಂದು ಸಂಗತಿಯಿದೆ. ಆ ಕತ್ತಲೆಯ ಕಾಲದಲ್ಲಿ ಅವರು ಒಂಟಿಯಾಗಿರಲಿಲ್ಲ. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ‘ಹಲಸಂಗಿ ಗೆಳೆಯರು’ ಜೊತೆಗಿದ್ದರು. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದ ಬಳಗವಿದು. ಲಿಂಗಾಯತರೂ ಮುಸಲ್ಮಾನರೂ ಕೂಡಿದ್ದ ಈ ಗೆಳೆತನದಲ್ಲಿ ಸಂಶಯಿಯನ್ನು ಹೊರಗಟ್ಟುವ ಮಾತಿರಲಿಲ್ಲ.

ನಮ್ಮ ಇತಿಹಾಸದಲ್ಲಿಯೂ ಇಂಥ ಕಾಳರಾತ್ರಿಯನ್ನು ಹಾದುಬಂದ ಮಹನೀಯರಿದ್ದಾರೆ. ಇಮಾಮ್ ಗಝಾಲಿ(ರ) (1058–1111) ತಮ್ಮ ಆತ್ಮವೃತ್ತಾಂತ ‘ಅಲ್ ಮುನ್‌ಕಿಝ್’ನಲ್ಲಿ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಇಂದ್ರಿಯಗಳನ್ನಾಗಲಿ ಬುದ್ಧಿಯನ್ನಾಗಲಿ ನಂಬಲಾಗದ ಸ್ಥಿತಿಯಲ್ಲಿ ಅವರು ಸುಮಾರು ಎರಡು ತಿಂಗಳು ಕಳೆದರು. ಅದರಿಂದ ಅವರನ್ನು ಬಿಡಿಸಿದ್ದು ತರ್ಕವಲ್ಲ. ಅಲ್ಲಾಹನು ಅವರ ಎದೆಯಲ್ಲಿ ಹಾಕಿದ ಬೆಳಕು. ಮುಂದೆ 1095ರಲ್ಲಿ, ತಮ್ಮ ಬೋಧನೆಯ ಹಿಂದಿರುವುದು ಕೀರ್ತಿಯ ಆಸೆಯೆಂದು ಮನಗಂಡು, ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಉನ್ನತ ಪೀಠವನ್ನು ಅವರು ತೊರೆದರು. ಪೀಠವನ್ನು ಬಿಟ್ಟರು, ನಮಾಝನ್ನು ಬಿಡಲಿಲ್ಲ. ಧರ್ಮದ ಹೆಸರಿನ ಅಧಿಕಾರ ಬೇರೆ, ಧರ್ಮದ ಜೀವಾಳ ಬೇರೆ ಎಂಬುದನ್ನು ಅವರ ಬದುಕು ತೋರಿಸಿತು.

ಪ್ರವಾದಿ ಇಬ್ರಾಹೀಮ್(ಅ)ರು ಮೃತರನ್ನು ಹೇಗೆ ಜೀವಂತಗೊಳಿಸುವೆಯೆಂದು ತೋರಿಸಬೇಕೆಂದು ಅಲ್ಲಾಹನಲ್ಲಿ ಕೇಳಿಕೊಂಡರು. ನಂಬಿಕೆಯಿದೆ, ಆದರೆ ಹೃದಯಕ್ಕೆ ನೆಮ್ಮದಿ ಬೇಕು ಎಂಬುದು ಅವರ ನಿವೇದನೆಯಾಗಿತ್ತು. ಸೂರಃ ಅಲ್ ಬಕರಃದ 260ನೇ ಸೂಕ್ತದಲ್ಲಿ ಈ ಪ್ರಸಂಗವಿದೆ. ಅಲ್ಲಿ ಕೇಳಿದವರಿಗೆ ಶಾಪ ಸಿಗಲಿಲ್ಲ, ನಾಲ್ಕು ಪಕ್ಷಿಗಳ ಮೂಲಕ ಉತ್ತರ ಸಿಕ್ಕಿತು. ಬಾಯಿಬಿಟ್ಟು ಹೇಳಲೂ ಅಂಜುವಂಥ ಯೋಚನೆಗಳು ಮನಸ್ಸಿನಲ್ಲಿ ಬರುತ್ತವೆ ಎಂದು ಸಹಾಬಿಗಳು ತೋಡಿಕೊಂಡಾಗ, ಆ ಅಳುಕನ್ನೇ ಪ್ರವಾದಿ(ಸ)ರು ಈಮಾನಿನ ಲಕ್ಷಣವೆಂದು ಗುರುತಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ.

ಆದುದರಿಂದ ಎರಡು ಬಗೆಯ ಸಂಶಯಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಉತ್ತರ ಬೇಡವೆಂದು ಬಾಗಿಲು ಮುಚ್ಚಿಕೊಳ್ಳುವ ಉಡಾಫೆ. ಇನ್ನೊಂದು, ಉತ್ತರ ಸಿಗುವವರೆಗೆ ನಿದ್ರೆಗೊಡದ ಹಸಿವು. ಮೊದಲನೆಯದು ಅಹಂಕಾರದ ಮಗು, ಎರಡನೆಯದು ಸತ್ಯದ ಬಾಯಾರಿಕೆ. ಎರಡನ್ನೂ ಒಂದೇ ಬೆತ್ತದಿಂದ ಹೊಡೆದರೆ ಹುಡುಕುತ್ತಿದ್ದ ಮಗು ನಮ್ಮಿಂದ ದೂರವಾಗುತ್ತದೆ. ಹಾಗೆ ಹೊರಟುಹೋದ ಮಗು ಅಲ್ಲಾಹನನ್ನು ತೊರೆಯಿತೋ, ನಮ್ಮ ಸಿಡುಕನ್ನು ತೊರೆಯಿತೋ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಮುಸ್ಲಿಮನು ದಿನದ ಐದು ಕಡ್ಡಾಯ ನಮಾಝ್‌ಗಳ 17 ರಕಅತ್‌ಗಳಲ್ಲಿ ಸೂರಃ ಫಾತಿಹಾದ ಮೂಲಕ ನೇರ ಮಾರ್ಗವನ್ನು ಬೇಡುತ್ತಾನೆ. ಮಸೀದಿಯಲ್ಲಿ ಮೊದಲ ಸಾಲಿನಲ್ಲಿ ನಿಂತವನೂ ಬೇಡುತ್ತಾನೆ, ಅವನಿಗೂ ಅಲ್ಲಾಹನಿಗೂ ನಡುವೆ ದಲ್ಲಾಳಿಯಿಲ್ಲ. ದಾರಿ ತೋರೆಂದು ದಿನವೂ ಬೇಡುವ ನಾವು, ದಾರಿ ಕೇಳಿದ ಮಕ್ಕಳ ಮೇಲೆ ಮುನಿಯುವುದು ಹೇಗೆ? ಅವರ ಪಕ್ಕದಲ್ಲಿ ಕುಳಿತು ಕೇಳೋಣ, ತಿಳಿದುದನ್ನು ಹೇಳೋಣ, ತಿಳಿಯದುದನ್ನು ಜೊತೆಗೂಡಿ ಅರಸೋಣ. ಹೃದಯಗಳಿಗೆ ಬೆಳಕು ನೀಡುವವನು ಅಲ್ಲಾಹನು ಮಾತ್ರ.